ತಾರೀಖಿಲ್ಲದ ಪ್ಲ್ಯಾನರ್

ಗುಬ್ಬಿ ಊರಿನ ರಕ್ತಪರೀಕ್ಷೆ ಲ್ಯಾಬಿಗೆ ಹೋಗಬೇಕಿದ್ದ ದಿನ ನಾನು ವಾರ ಮರೆತು ಕುಣಿಗಲ್‌ಗೆ ಹೋಗಿ ನಿಂತಿದ್ದೆ. ಲ್ಯಾಬ್ ಮಷಿನ್‌ಗಳ ರಿಪೇರಿ ನನ್ನ ಕೆಲಸ. ಇನ್ನೊಮ್ಮೆ ಹೀಗಾದರೆ ಮನೆಯಲ್ಲೇ ಇರಿ ಎಂದರು ಮ್ಯಾನೇಜರ್. ಡೈರಿ ಕೊಳ್ಳಲು ಬಟವಾಡಿ ಬಡಾವಣೆಯ ಪುಸ್ತಕದಂಗಡಿಗೆ ಹೋದೆ.

ಅಂಗಡಿಯವನು ದಪ್ಪ ಪ್ಲ್ಯಾನರ್ ಒಂದನ್ನು ಮುಂದಿಟ್ಟ. ತೆರೆದರೆ, ಜೀವನದ ಗುರಿ ಬರೆಯಲು ಇಡೀ ಪುಟವಿತ್ತು. ಕುಡಿದ ನೀರಿಗೆ ಟಿಕ್ ಹಾಕಲು ಲೋಟದ ಚಿತ್ರಗಳಿದ್ದವು.

“ಇದ್ರಲ್ಲಿ ತಾರೀಖೆಲ್ಲಿ?”

“ಇರಲ್ಲ ಸಾರ್, ಅದೇ ಸ್ಪೆಷಲ್ಲು. ನೀವೇ ಬರ್ಕೋಬೇಕು.”

“ತಾರೀಖು ನೆನಪಿದ್ದಿದ್ರೆ ಇಲ್ಲಿಗ್ಯಾಕೆ ಬರ್ತಿದ್ದೆ?”

“ತಾರೀಖಿರೋದು ಹಳೇ ಮಾಡೆಲ್ಲು ಸಾರ್. ಮಂಡಿ ವ್ಯಾಪಾರದವ್ರು ಬಿಟ್ರೆ ಯಾರೂ ತಗೊಳ್ಳಲ್ಲ,” ಎಂದು ಮರುಕದಿಂದ ನೋಡಿದ.

ಆ ಹಳೇ ಮಾಡೆಲ್ಲನ್ನೇ ಕೊಂಡೆ. ನೀರು ಕುಡಿಯುವುದನ್ನು ಬಾಯಾರಿಕೆ ನೆನಪಿಸುತ್ತದೆ. ಇವತ್ತು ಬುಧವಾರ ಎಂದು ನೆನಪಿಸುವ ಅಂಗ ನನ್ನ ದೇಹದಲ್ಲಿಲ್ಲ.