ಖಾಲಾ ಕಂಡ ಚಂದ್ರ

ಔರಾದ ಕಡೆಯ ನಮ್ಮ ಊರಲ್ಲಿ ರಂಜಾನ್ ಚಂದ್ರನನ್ನು ಹುಡುಕುವ ಸಂಜೆ ಜನರೆಲ್ಲ ಆಕಾಶ ಬಿಟ್ಟು ನಮ್ಮ ಖಾಲಾಳ ಮುಖ ನೋಡುತ್ತಿದ್ದರು. ಖಾಲಾ ನನ್ನ ತಾಯಿಯ ತಂಗಿ, ತಾಯಿ ಹೋದ ಮೇಲೆ ನನ್ನನ್ನು ಸಾಕಿದವಳು. ಅವಳ ಕಣ್ಣು ಅಷ್ಟು ಚುರುಕು. "ಮೊದಲ ಬೇವಿನ ಟೊಂಗಿ ನೋಡು, ಅಲ್ಲಿಂದ ಎಡಕ್ಕ ಬಾ," ಎಂದು ನನ್ನ ಗದ್ದ ಹಿಡಿದು ತಿರುಗಿಸುತ್ತಿದ್ದಳು. ಏನೂ ಕಾಣದಿದ್ದರೂ ನಾನು ಕಂಡಿತೆಂದು ಕುಣಿಯುತ್ತಿದ್ದೆ. ಸುಳ್ಳು ಹೇಳುವ ಚಾಳಿ ನನಗೆ ಆಗಿನಿಂದಲೂ ಇತ್ತು.

ಬರ ಬಿದ್ದ ವರ್ಷ ಊರಿನ ಅರ್ಧ ಜನ ಹೈದರಾಬಾದಿಗೆ ಗುಳೆ ಹೋದರು. ಖಾಲಾ ಬೀದರಿಗೆ ಬಂದು, ಮೈಲೂರಿನ ಆಚೆ ರಸ್ತೆ ಕೆಲಸದಲ್ಲಿ ಜಲ್ಲಿ ಒಡೆಯಲು ಕೂತಳು. ಅದೇ ಬೀದರಿನಲ್ಲಿ ನಾನು ಕಚೇರಿಯ ಗುಮಾಸ್ತ, ಇಸ್ತ್ರಿ ಅಂಗಿಯ ಮನುಷ್ಯ. ಒಮ್ಮೆಯೂ ಅವಳನ್ನು ಮನೆಗೆ ಕರೆಯಲಿಲ್ಲ. ಓಣಿಯವರ ಮುಂದೆ ನಮ್ಮದು ದೊಡ್ಡ ಮನೆತನವೆಂದು ಬುರುಡೆ ಬಿಟ್ಟಿದ್ದೆ. ಅದನ್ನು ನಂಬಿ ಭಾಲ್ಕಿಯ ಹಿರಿಯರೊಬ್ಬರು ಮಗಳನ್ನು ಕೊಡುವ ಮಾತೆತ್ತಿದ್ದರು.

ಆ ವರ್ಷ ಚಂದ್ರ ನೋಡುವ ಸಂಜೆ ಆ ಹಿರಿಯರು ನಮ್ಮ ಓಣಿಯ ಮಸೀದಿಯ ಅಂಗಳದಲ್ಲಿ ನನ್ನ ಪಕ್ಕದಲ್ಲೇ ಕೂತಿದ್ದರು. ಧೂಳು ಕವಿದು ಪಡುವಣ ದಿಕ್ಕೆಲ್ಲ ಮಸುಕಾಗಿತ್ತು. ಯಾರಿಗೂ ಏನೂ ಕಂಡಿರಲಿಲ್ಲ. ಅಂಥ ದಿನ ನಂಬಿಕಸ್ಥರೊಬ್ಬರು, ಹೆಣ್ಣಾದರೂ ಸರಿ, ಕಂಡೆನೆಂದು ಸಾಕ್ಷಿ ಹೇಳಿದರೆ ಮರುದಿನದಿಂದಲೇ ರೋಜಾ, ಅಂದರೆ ಉಪವಾಸ, ಶುರು. ಇಲ್ಲದಿದ್ದರೆ ಇನ್ನೊಂದು ದಿನ ಕಾಯಬೇಕು.

ಬಾಗಿಲಿಗೆ ಖಾಲಾ ಬಂದು ನಿಂತಳು. ಸೆರಗಿಗೆ, ಹುಬ್ಬಿಗೆ ಕಲ್ಲಿನ ಪುಡಿ ಮೆತ್ತಿತ್ತು. ಬೆರಳಿಗೆ ಚಿಂದಿ ಸುತ್ತಿಕೊಂಡಿದ್ದಳು.

"ಚಂದ್ರ ಕಂಡಾನ್ರಿ. ನಾನೇ ನೋಡೀನಿ," ಅಂದಳು.

ಇಮಾಮರು ಗೌರವದಿಂದಲೇ ಕೇಳಿದರು. "ಯಾವ ಕಡಿಯವರ್ರಿ? ನಿಮ್ಮ ಗುರ್ತ ಹೇಳೋರು ಇಲ್ಲಿ ಯಾರಾರ ಅದಾರೇನ್ರಿ?"

ಔರಾದ ಕಡೆಯವಳು ಎಂದಳು. ಅವಳ ಕಣ್ಣು ಅಂಗಳವನ್ನೆಲ್ಲ ಸುತ್ತಿ ನನ್ನ ಮೇಲೆ ಬಂದು ನಿಂತಿತು. ನಾನು ಅಂಗಿಯ ಗುಂಡಿ ನೋಡತೊಡಗಿದೆ. ಖಾಲಾ ಕಣ್ಣು ಬೇರೆ ಕಡೆ ತಿರುಗಿಸಿದಳು.

ಇಮಾಮರು ನನ್ನತ್ತ ತಿರುಗಿದರು. "ನೀವೂ ಔರಾದ ಕಡಿಯವರೇ ಅಲ್ರಿ. ಇವರ ಗುರ್ತ ಅದೇನ್ರಿ?"

"ಇಲ್ರಿ," ಅಂದೆ.

ಇಷ್ಟು ವರ್ಷವಾದರೂ ಆ ಒಂದು ಮಾತು ನೆನೆದರೆ ನಾಚಿಕೆಯಿಂದ ಮೈ ಹಿಡಿಯಾಗುತ್ತದೆ. ಭಾಲ್ಕಿಯ ಸಂಬಂಧ ಮುಂದೆ ಕೂಡಿಬರಲೂ ಇಲ್ಲ, ಅದು ಬೇರೆ ಮಾತು. ಗುರುತಿಲ್ಲದವಳ ಸಾಕ್ಷಿಯನ್ನು ಹೇಗೆ ಒಪ್ಪುವುದೆಂದು ಇಮಾಮರು ಬಿಟ್ಟುಬಿಟ್ಟರು. ಖಾಲಾ ಸೆರಗು ಸರಿಮಾಡಿಕೊಂಡು ಹೊರಟುಹೋದಳು.

ಮರುದಿನ ಹೋಟೆಲಿನಲ್ಲಿ ಹೊಟ್ಟೆ ಬಿರಿಯ ತಿಂದೆ. ಮಧ್ಯಾಹ್ನ ಭಾಲ್ಕಿ ಬಸ್ಸಿಗೆ ಬಂದವರು ಸುದ್ದಿ ತಂದರು. ಅಲ್ಲಿ ಎಷ್ಟೋ ಜನ ಚಂದ್ರನನ್ನು ಕಂಡಿದ್ದರಂತೆ, ಊರಿಗೆ ಊರೇ ರೋಜಾ ಹಿಡಿದಿತ್ತಂತೆ. ನಮ್ಮ ಓಣಿಯ ಮೊದಲ ರೋಜಾ ನನ್ನಿಂದ ತಪ್ಪಿಹೋಗಿತ್ತು.

ಮೈಲೂರಿನ ಕಡೆ ನಡೆದೆ. ಚಂದ್ರನನ್ನು ಕಣ್ಣಾರೆ ಕಂಡವರು, ಊರು ನಂಬದಿದ್ದರೂ, ತಾವು ಮಾತ್ರ ಉಪವಾಸ ಇರಲೇಬೇಕೆಂಬ ನಿಯಮವಿದೆ. ಅದನ್ನು ನನಗೆ ಹೇಳಿಕೊಟ್ಟವಳೂ ಖಾಲಾನೇ. ಆ ಬಿಸಿಲಲ್ಲಿ ಕೂತು ಸುತ್ತಿಗೆ ಎತ್ತಿ ಹಾಕುತ್ತಿದ್ದಳು. ತುಟಿ ಒಡೆದಿತ್ತು. ಪಕ್ಕದಲ್ಲೇ ಇದ್ದ ಕೊಡದಿಂದ ಉಳಿದ ಹೆಂಗಸರು ನೀರು ಕುಡಿಯುತ್ತಿದ್ದರು.

ನನ್ನನ್ನು ಕಂಡವಳೇ, "ಊಟ ಆಯ್ತೇನಪಾ?" ಅಂದಳು.

"ಖಾಲಾ, ನಿನ್ನಿ ಮಸೀದ್ಯಾಗ..." ಎಂದು ಶುರು ಮಾಡಿದೆ. ಅವಳು ಮುಗಿಸಲು ಬಿಡಲಿಲ್ಲ.

"ನೀನೂ ಇದ್ದೇನು ಅಲ್ಲಿ? ನನಗ ವಯಸ್ಸಾಯ್ತು ನೋಡು. ಸಂಜೀ ಆದ್ರ ಕಣ್ಣು ಮಂಜ. ನಿನ್ನ ಗುರ್ತೇ ಹತ್ಲಿಲ್ಲ."

ಅಷ್ಟು ಧೂಳಿನಲ್ಲಿ ಕೂದಲೆಳೆಯಂಥ ಚಂದ್ರನನ್ನು ಕಂಡ ಕಣ್ಣು ಅವು.

"ಹೌದ್ ಖಾಲಾ," ಅಂದೆ ನಾನು. "ಭಾಳ ಕತ್ತಲಿತ್ತು."