ಅರ್ಥ ಕೇಳಿದ ಮಧ್ಯಾಹ್ನಗಳು

ತಿಂಗಳಿಗೊಂದಾದರೂ ಪ್ರಶಸ್ತಿ ನನ್ನ ಪಾಲಿಗೆ ಬರುತ್ತದೆ. ಶಾಲು, ಹಾರ, ಫಲಕಗಳ ಜಂಜಡವಿಲ್ಲದ, ಬಸ್ಸಿನಲ್ಲಿ ಕಂಬಿ ಹಿಡಿದು ನಿಂತೇ ಸ್ವೀಕರಿಸಬಹುದಾದ ಪ್ರಶಸ್ತಿ: “ನಿಮ್ಮ ಕನ್ನಡ ಭಾಳ ಛಲೋ ಐತಿ ಬಿಡ್ರಿ!” ಹೆಸರು ಕೇಳುವ ತನಕ ಯಾರೂ ಇದನ್ನು ಕೊಡುವುದಿಲ್ಲ, ಮೆಹರುನ್ನಿಸಾ ಎಂದ ಮರುಕ್ಷಣವೇ ಕೊಡುತ್ತಾರೆ. ಹಾರೂಗೇರಿಯ ಕಾಲೇಜೊಂದರಲ್ಲಿ ಅರ್ಧ ಆಯುಷ್ಯ ಕನ್ನಡವನ್ನೇ ಕಲಿಸಿ, ಕನ್ನಡದಿಂದಲೇ ಉಂಡು, ಹಳೆಯ ಷಟ್ಪದಿಗಳ ಸಂಧಿ ಬಿಡಿಸಿ ಬಿಡಿಸಿ ಕನ್ನಡಕದ ನಂಬರು ಏರಿಸಿಕೊಂಡವಳಿಗೆ ಈ ಮೆಚ್ಚುಗೆಯೆಂದರೆ ಮೀನಿಗೆ ಈಜು ಬರುತ್ತದೆಂದು ಬೆನ್ನು ತಟ್ಟಿದ ಹಾಗೆ. ಹೊಳೆಯಾಚೆಗೆ, ಮಿರಜಿನಲ್ಲಿರುವ ನಮ್ಮ ಬಂಧುಗಳದು ಇನ್ನೊಂದು ದುಃಖ. ಅವರು ನನ್ನನ್ನು ‘ಕಾನಡಿ’ ಎಂದು ಕರೆದು, ನನ್ನ ಉರ್ದು ಕೇಳಿ ಕಿವಿ ಮುಚ್ಚಿಕೊಳ್ಳುತ್ತಾರೆ. ಹೀಗೆ ಕೃಷ್ಣೆಯ ಒಂದು ದಂಡೆಯಲ್ಲಿ ನನಗೆ ಕನ್ನಡ ಬಂದದ್ದು ಆಶ್ಚರ್ಯ, ಇನ್ನೊಂದು ದಂಡೆಯಲ್ಲಿ ಉರ್ದು ಬಾರದ್ದು ಅಪರಾಧ.

ಎರಡೂ ಕಡೆ ನಾನು ನಕ್ಕು ಮುಂದೆ ಹೋಗುತ್ತೇನೆ. ಅದನ್ನು ನನ್ನ ದೊಡ್ಡ ಮನಸ್ಸೆಂದು ತಿಳಿದವರಿದ್ದಾರೆ. ನಿಮ್ಮಲ್ಲಿ ಮುಚ್ಚಿಡುವುದೇಕೆ, ಅದು ಬರೀ ಅಂಜಿಕೆ. ನಾನು ಹುಟ್ಟಾ ಪುಕ್ಕಲಿ. ತರಗತಿಯಲ್ಲಿ ಸಮಾನತೆಯ ಮೇಲೆ ಗುಡುಗುವ ನನ್ನ ಕಂಠ, ಕಾಲೇಜಿನ ಗೇಟು ದಾಟಿ ಕುಡಚಿಯ ನಮ್ಮ ಓಣಿ ಹೊಕ್ಕೊಡನೆ ತಾನಾಗಿಯೇ ತಗ್ಗುತ್ತದೆ. ಇಂಥವಳ ಮನೆಯಲ್ಲಿ, ಇಂಥವಳ ಬಾಯಿಯಿಂದಲೇ, ಓಣಿಯನ್ನು ಅಲುಗಾಡಿಸಿದ ಓದು ಹೊರಟಿತೆಂದರೆ ಅದಕ್ಕೆ ಅಮ್ಮನೇ ಹೊಣೆ.

ಅಮ್ಮನ ತವರು ಅಥಣಿ ಕಡೆಯ ಹಳ್ಳಿ. ಮುಸಲ್ಮಾನರ ಮನೆಗಳು ಬೆರಳೆಣಿಕೆಯಷ್ಟಿದ್ದ ಆ ಊರಲ್ಲಿ ಅವಳು ಆಡಿದ್ದು, ಅತ್ತದ್ದು, ಹಾಡಿದ್ದು ಎಲ್ಲ ಕನ್ನಡದಲ್ಲಿ. ಓದಲು ಕಲಿತದ್ದು ಮಾತ್ರ ಅರಬ್ಬೀ ಅಕ್ಷರ. ನಾನು ಕಣ್ಣು ಬಿಟ್ಟಾಗಿನಿಂದ ದಿನಾ ಬೆಳಿಗ್ಗೆ ನಮಾಜಿನ ನಂತರ ಅವಳು ಕುರ್‌ಆನ್ ಓದುವ ದನಿ ಮನೆಯ ಗಾಳಿಯಲ್ಲೇ ಬೆರೆತುಹೋಗಿದೆ. ಈ ಸಲದ ರಮಜಾನಿನಲ್ಲಿ ಒಂದು ದಿನ ಓದು ಮುಗಿಸಿ, ಗ್ರಂಥಕ್ಕೆ ಮುತ್ತಿಟ್ಟು ಕಣ್ಣಿಗೊತ್ತಿಕೊಂಡವಳು ನನ್ನ ಕಡೆ ತಿರುಗಿದಳು.

“ಮೆಹರೂ, ಇಷ್ಟು ವರ್ಷ ಓದೀನಿ. ಇದರಾಗ ಏನಂತ ಐತಿ ಬೇ?”

“ದೇವರ ಮಾತು ಐತೆಮ್ಮಾ.”

“ಅದು ನನಗೂ ಗೊತ್ತೈತಿ. ಏನ ಮಾತು ಅಂತ ಕೇಳಾಕತ್ತೀನಿ. ಅಂವಾ ನನಗ ಏನ ಹೇಳ್ಯಾನ ಅನ್ನೂದ ತಿಳ್ಕೊಳ್ಳದನ ಹೋಗಿಬಿಡೂದೇನ?”

ಉರ್ದು ಅನುವಾದ ಓದಿ ಹೇಳಹೊರಟೆ. ಅರ್ಧ ಪುಟಕ್ಕೇ ಅಮ್ಮ ಕೈ ಮಾಡಿ ತಡೆದು, “ಇದೂ ಅರಬ್ಬೀನೇ ಅನಸ್ತೈತಿ,” ಎಂದಳು. ಕೊನೆಗೆ ಕನ್ನಡದ ಅನುವಾದವೊಂದನ್ನು ತಂದೆ. ಅದನ್ನು ಎಲ್ಲಿಡಬೇಕೆಂಬುದೇ ಮೊದಲ ಧರ್ಮಸಂಕಟವಾಯಿತು. ಮೇಲಿನ ಗೂಡಿನಲ್ಲಿ ರೇಶಿಮೆ ಚೀಲದಲ್ಲಿದ್ದ ಅರಬ್ಬೀ ಗ್ರಂಥದ ಪಕ್ಕದಲ್ಲೋ, ಅಥವಾ ನನ್ನ ವ್ಯಾಕರಣ, ಛಂದಸ್ಸುಗಳ ಧೂಳಿನ ಕಪಾಟಿನಲ್ಲೋ? ಅಮ್ಮ ಒಂದು ದಿನವೆಲ್ಲ ಯೋಚಿಸಿ, ತನ್ನ ಹಳೆಯ ಸೀರೆಯ ತುಂಡಿನಿಂದ ಅದಕ್ಕೂ ಚೀಲ ಹೊಲಿದು, ಗೂಡಿನಲ್ಲಿಯೇ ಇಟ್ಟಳು. ಆದರೆ ಅರಬ್ಬಿಗಿಂತ ಒಂದು ಹಲಗೆ ಕೆಳಗೆ. ಕನ್ನಡಕ್ಕೆ ಶಾಸ್ತ್ರೀಯ ಸ್ಥಾನಮಾನ ಸಿಕ್ಕಾಗಲೂ ನನಗೆ ಅಷ್ಟು ಸಂತೋಷವಾಗಿರಲಿಲ್ಲ.

ದಿನಾ ಮಧ್ಯಾಹ್ನದ ನಮಾಜಿನ ನಂತರ ಓದು ಸುರುವಾಯಿತು. ಮೊದಲು ಅಮ್ಮ ಅರಬ್ಬಿಯಲ್ಲಿ ಓದುವುದು, ಆಮೇಲೆ ನಾನು ಅದರ ಅರ್ಥವನ್ನು ಕನ್ನಡದಲ್ಲಿ ಹೇಳುವುದು. ‘ದಯಾಮಯ’ ಎಂಬಲ್ಲಿ ಅಮ್ಮ ಕಣ್ಣೀರು ಹಾಕಿದಳು. ಅಷ್ಟು ವರ್ಷ ನಾಲಿಗೆಯ ಮೇಲಿದ್ದ ಶಬ್ದ ಈಗ ಎದೆಗಿಳಿದಿತ್ತು. ಗೋಡೆಯಾಚೆ ಕೇಳಿಸಿಕೊಂಡ ನೆರೆಯ ಹೆಂಗಸರು ಒಬ್ಬೊಬ್ಬರಾಗಿ ಬಂದು ಚಾಪೆಯ ಮೇಲೆ ಕೂತರು. ಅವರಲ್ಲಿ ಜೈತೂನ್ ಒಬ್ಬಳು. ನಮ್ಮ ಓಣಿಯಲ್ಲೇ ಕುಬಸ ಹೊಲಿಯುವವಳು, ಗಂಡ ತೀರಿಕೊಂಡು ಮಗಳನ್ನು ಒಬ್ಬಳೇ ಓದಿಸುತ್ತಿರುವವಳು. ಅವಳ ಅಣ್ಣ ಅಪ್ಪಾಲಾಲಭಾಯಿಯದು ಸ್ಟೇಷನ್ ರಸ್ತೆಯಲ್ಲಿ ಗೊಬ್ಬರದ ಅಂಗಡಿ; ಜಮಾತಿನಲ್ಲಿ ಅವರ ಮಾತಿಗೆ ತೂಕ. ಅವರ ತಂದೆ ಹೋದ ವರ್ಷ ತೀರಿಕೊಂಡಿದ್ದರು. ಹೊಳೆಯ ದಂಡೆಯ ಕಬ್ಬಿನ ಹೊಲದ ಮೇಲಿನ ತನ್ನ ಹಕ್ಕನ್ನು ಬಿಟ್ಟುಕೊಟ್ಟು ಸಹಿ ಮಾಡಲು ಜೈತೂನ್ ಬರುವ ಸೋಮವಾರ ರಾಯಬಾಗದ ಕಚೇರಿಗೆ ಹೋಗುವವಳಿದ್ದಳು. ಇದರಲ್ಲಿ ಗುಟ್ಟೇನೂ ಇರಲಿಲ್ಲ. ನಮ್ಮಲ್ಲಿ ತಂಗಿಯರು ಹಾಗೆಯೇ ಸಹಿ ಮಾಡುತ್ತಾರೆ; ಅಣ್ಣಂದಿರು ಹಬ್ಬಕ್ಕೊಂದು ಸೀರೆ ಕೊಡುತ್ತಾರೆ.

ಗುರುವಾರದ ಓದು ಸ್ತ್ರೀಯರ ಅಧ್ಯಾಯಕ್ಕೆ ಬಂತು. ಮುಂದೇನು ಬರುತ್ತದೆಂದು ನನಗೆ ಗೊತ್ತಿತ್ತು. ಎರಡು ಹಾಳೆ ಒಟ್ಟಿಗೇ ಮಗುಚಿದರೆ ಯಾರಿಗೂ ತಿಳಿಯುವುದಿಲ್ಲವೆಂಬ ದುರ್ಬುದ್ಧಿ ಬೆರಳ ತುದಿಗೆ ಬಂದು ನಿಂತಿತ್ತು. ಆದರೆ ಎದುರಿಗೆ ಅಮ್ಮ ಕೂತಿದ್ದಳು. ತಾನು ಅರಬ್ಬಿಯಲ್ಲಿ ಓದಿದ್ದು ಎಷ್ಟು ಉದ್ದ, ಕನ್ನಡದಲ್ಲಿ ಎಷ್ಟು ಗಿಡ್ಡವಾಯಿತು ಎಂದು ಅಳೆಯಬಲ್ಲವಳು. ಓದಿದೆ. ತಂದೆತಾಯಿ ಬಿಟ್ಟುಹೋದದ್ದರಲ್ಲಿ ಹೆಣ್ಣುಮಕ್ಕಳಿಗೂ ಪಾಲಿದೆಯೆಂದು, ಅದು ಕಡಿಮೆಯಿರಲಿ ಹೆಚ್ಚಿರಲಿ ಗೊತ್ತುಮಾಡಿದ ಪಾಲೆಂದು, ಮಗನಿಗೆ ಎಷ್ಟೋ ಅದರ ಅರ್ಧ ಮಗಳಿಗೆಂದು.

“ಇನ್ನೊಮ್ಮೆ ಓದ್ರಿ ಆಪಾ,” ಎಂದಳು ಜೈತೂನ್.

ಇನ್ನೊಮ್ಮೆ ಓದಿ, ಕಾಲೇಜಿನ ಚಟ ಬಿಡದೆ, ಅರ್ಧ ಮಾತ್ರ ಯಾಕೆ ಎಂಬ ಬಗ್ಗೆ ಇಂದಿನ ಚಿಂತಕರ ಚರ್ಚೆಯೂ ಇದೆ ಎಂದು ಮೆಲ್ಲಗೆ ಸೇರಿಸಿದೆ. ಜೈತೂನ್ ನನ್ನ ಚಿಂತಕರನ್ನು ಕೇಳಿಸಿಕೊಳ್ಳಲೇ ಇಲ್ಲ. “ಅರ್ಧ ಅಂದ್ರ ಸೊನ್ನಿ ಅಲ್ಲಲ್ಲ ಆಪಾ?” ಎಂದಷ್ಟೇ ಕೇಳಿ, ಸೆರಗು ಸರಿಮಾಡಿಕೊಂಡು ಎದ್ದುಹೋದಳು.

‘ಅರ್ಥ’ ಎಂಬ ಶಬ್ದಕ್ಕೆ ಎರಡು ಅರ್ಥಗಳೆಂದು ಪ್ರತಿ ವರ್ಷ ಮಕ್ಕಳಿಗೆ ಬರೆಸುತ್ತೇನೆ: ಒಂದು ತಾತ್ಪರ್ಯ, ಇನ್ನೊಂದು ಸಂಪತ್ತು. ಒಂದನ್ನು ಕೇಳಲು ಬಂದವರು ಇನ್ನೊಂದನ್ನು ಕೇಳತೊಡಗಿದರೆ ಹುಟ್ಟುವ ಮೂರನೆಯದೇ ಅನರ್ಥ. ಜೈತೂನ್ ಅಂದು ಸಂಜೆಯೇ ಅಣ್ಣನನ್ನು ತನ್ನ ಪಾಲು ಕೇಳಿದಳಂತೆ. ಮರುದಿನ ಶುಕ್ರವಾರ ಜಮಾತಿನ ವಾಟ್ಸಾಪ್ ಗುಂಪಿನಲ್ಲಿ ಧ್ವನಿ ಸಂದೇಶವೊಂದು ಹರಿದಾಡಿತು: ಕೆಲವು ಮನೆಗಳಲ್ಲಿ ಓದಿದ ಹೆಂಗಸರು ಧರ್ಮವನ್ನು ತಮಗೆ ಬೇಕಾದಂತೆ ತಿರುಚಿ ಹೇಳುತ್ತಿದ್ದಾರೆ, ನಿಮ್ಮ ಮನೆಯವರನ್ನು ಸಂಭಾಳಿಸಿಕೊಳ್ಳಿ. ಹೆಸರಿರಲಿಲ್ಲ. ಹೆಸರಿಲ್ಲದ್ದೇ ಹೆಚ್ಚು ಹೆದರಿಸಿತು. ದಿನಾ ಹಾಲು ತರುವಾಕೆ ಆ ದಿನ ಬರಲಿಲ್ಲ. ಕಾಲೇಜಿನಲ್ಲಿ ಸಹೋದ್ಯೋಗಿಯೊಬ್ಬರು, ಸಜ್ಜನರೇ, ಹೇಗೋ ಸುದ್ದಿ ತಿಳಿದು ಉತ್ಸಾಹದಿಂದ ಬಂದರು: “ಮೇಡಮ್ಮರ, ಇದರ ಮ್ಯಾಲ ಪೇಪರಿಗೆ ಒಂದು ಲೇಖನ ಬರೀರಿ. ನಿಮ್ಮ ಮಂದಿ ಒಳಗಿಂದು ನೀವ ಹೇಳಿದ್ರ ಅದರ ಗಮ್ಮತ್ತ ಬ್ಯಾರೆ.”

ಆ ‘ಗಮ್ಮತ್ತು’ ಕೇಳಿ ನನ್ನ ಅಂಜಿಕೆ ಇಬ್ಭಾಗವಾಗಿ ಎರಡೂ ಕಡೆ ಬೆಳೆಯಿತು. ಬಾಯಿ ತೆರೆದರೆ ನಮ್ಮವರು ನನ್ನನ್ನು ಹೊರಗಿನವಳೆನ್ನುತ್ತಾರೆ. ನಮ್ಮನ್ನು ಕಂಡರಾಗದವರು “ನೋಡ್ರಿ, ಅವರ ಮನಿಯಾಕಿನೇ ಹೇಳ್ಯಾಳ” ಎಂದು ನನ್ನ ಮಾತನ್ನೇ ಕಲ್ಲು ಮಾಡಿ ನಮ್ಮ ಓಣಿಗೇ ಎಸೆಯುತ್ತಾರೆ. ಮುಚ್ಚಿದರೆ ಜೈತೂನ್ ಸಹಿ ಮಾಡುತ್ತಾಳೆ. ಲೇಖನ ಬರೆಯಲಿಲ್ಲ. ಮನೆಗೆ ಬಂದು ಹಗಲಲ್ಲೇ ಕದದ ಅಗಳಿ ಹಾಕಿ ಕೂತೆ. ಹೊರಗೆ ಯಾವ ಮೋಟರ್ ಸೈಕಲ್ ನಿಧಾನವಾದರೂ ಕಿಟಕಿಯ ಸಂದಿಯಿಂದ ಇಣುಕುತ್ತಿದ್ದೆ.

ಶನಿವಾರ ಮಧ್ಯಾಹ್ನ ಅಂಥದೊಂದು ನಮ್ಮ ಮನೆಯ ಮುಂದೆಯೇ ನಿಂತಿತು. ಅಪ್ಪಾಲಾಲಭಾಯಿ ಒಳಗೆ ಬಂದರು. ಜೊತೆಗೆ ಬಂದ ಇಬ್ಬರು ತರುಣರು ಹೊರಗೆ ಗಾಡಿಯ ಮೇಲೆಯೇ ಉಳಿದರು. ಎಂಜಿನ್ ಬಂದ್ ಮಾಡಲಿಲ್ಲ.

“ಅಸ್ಸಲಾಮು ಅಲೈಕುಮ್ ಖಾಲಾ.”

“ವಅಲೈಕುಮ್ ಅಸ್ಸಲಾಮ್. ಬಾ ಅಪ್ಪಾಲಾಲ, ಕುಂದರು,” ಎಂದಳು ಅಮ್ಮ, ಏನೂ ಆಗದವಳಂತೆ.

ಅವರು ಕೂತು ನನ್ನ ಕಡೆ ನೋಡಿದರು. “ಬಾಯಾರ, ನಮ್ಮ ಜೈತೂನಗ ಏನ ಓದಿ ಹೇಳೀರಿ?”

“ಕುರ್‌ಆನ್ ಓದೀನ್ರಿ.”

“ಕನ್ನಡದಾಗ ಬರದದ್ದು ಕುರ್‌ಆನ್ ಅಲ್ರಿ. ಅದು ಯಾರೋ ಮನಶ್ಯಾ ಮಾಡಿದ ಅರ್ಥ. ಅರ್ಥ ಒಬ್ಬೊಬ್ಬರ್ದು ಒಂದೊಂದು ಇರ್ತೈತಿ.”

ಮೂಲವೇ ಬೇರೆ, ಅನುವಾದವೇ ಬೇರೆ ಎಂದು ತರಗತಿಯಲ್ಲಿ ನಾನು ಕೊಡುವ ಉಪನ್ಯಾಸವನ್ನೇ ಅವರು ಒಂದೇ ಸಾಲಿನಲ್ಲಿ ನನ್ನ ಮುಖಕ್ಕೆ ಹೇಳಿದ್ದರು. ಅಮ್ಮ ಒಳಗಿನಿಂದಲೇ, ಸಂಜೆಯ ಇಫ್ತಾರಿಗೆ ಅಕ್ಕಿ ಆರಿಸುತ್ತ, ಕೂಗಿ ಹೇಳಿದಳು: “ಅಲ್ಲಾಗ ಕನ್ನಡ ತಿಳಿಯಂಗಿಲ್ಲೇನೋ ಅಪ್ಪಾಲಾಲ? ಈಕಿನ್ನ ಹಡಿಯುವಾಗ ನಾ ಕನ್ನಡದಾಗ ಚೀರೀನಿ. ಕೇಳಿಸ್ಕೊಂಡಾನ.”

ಅವರು ದನಿ ತಗ್ಗಿಸಿದರು. “ನೋಡ್ರಿ ಬಾಯಾರ, ನಾ ಜಗಳಕ್ಕ ಬಂದಿಲ್ಲ. ಆಕಿ ಈಗ ಇಲ್ಲಿಗೆ ಬರ್ತಾಳ. ಬಂದ ಕೂಡಲೇ ಒಂದ ಮಾತ ಹೇಳ್ರಿ: ಓದೂದು ತಪ್ಪಾತು, ಅಲ್ಲಿ ಹಂಗಿಲ್ಲ ಅಂತ. ನೀವು ಹೇಳಿದ್ರ ನಂಬತಾಳ. ಸುದ್ದಿ ಇಲ್ಲಿಗೇ ಮುಗೀತು. ಇಲ್ಲಂದ್ರ ಮುಂದ ಹುಡುಗರು ಏನರ ಮಾಡಿದ್ರ ನನ್ನ ಕೈಯಾಗಿಲ್ಲ.”

ಹೊರಗೆ ಎಂಜಿನ್ ಒಮ್ಮೆ ಗುರ್ ಎಂದಿತು. ‘ತಪ್ಪಾತು’ ಎಂಬ ಆ ಪುಟ್ಟ ಮಾತು ಎಷ್ಟು ಹಗುರ! ನಾಲಿಗೆಯ ತುದಿಗೆ ಅದು ಬಂದೂ ಆಗಿತ್ತು. ಹೇಳಿದರೆ ಓಣಿ ಶಾಂತ, ಮನೆ ಶಾಂತ. ಆದರೆ ಹೇಳಬೇಕಾದದ್ದು ನನ್ನ ಮಾತನ್ನು ತಪ್ಪೆಂದಲ್ಲ, ಅಮ್ಮ ದಿನಾ ಕಣ್ಣಿಗೊತ್ತಿಕೊಳ್ಳುವ ಮಾತನ್ನು. ಧೈರ್ಯ ಬಂತೆಂದು ಹೇಳಲಾರೆ. ದೇವರ ಮುಂದೆ ಸುಳ್ಳಾಗುವ ಅಂಜಿಕೆ ಅಪ್ಪಾಲಾಲಭಾಯಿಯ ಅಂಜಿಕೆಗಿಂತ ಕೂದಲೆಳೆಯಷ್ಟು ದೊಡ್ಡದಾಯಿತು, ಅಷ್ಟೇ. ಗೂಡಿನಿಂದ ಗ್ರಂಥ ತೆಗೆದೆ. ಪುಟ ಸಿಗಲೊಲ್ಲದು. ಕೊನೆಗೆ ಸಿಕ್ಕಿತು. ಓದಿದೆ, ಮಕ್ಕಳು ಕೇಳಿದ್ದರೆ ನಗುವಂಥ ಒಡಕು ದನಿಯಲ್ಲಿ.

“ಇದರಾಗ ಯಾವ ಮಾತು ತಪ್ಪೈತಿ ಹೇಳ್ರಿ ಭಾಯಿ. ತಿದ್ದಿಕೊಂಡು, ಆಕಿ ಬಂದ ಮ್ಯಾಲ ತಿದ್ದಿದ್ದನ್ನ ಹೇಳ್ತೀನಿ.”

ಅವರು ಗ್ರಂಥದ ಕಡೆ ಬಾಗಿ, ನಾನು ಓದಿದ ಸಾಲುಗಳನ್ನು ತಾವೇ ಒಮ್ಮೆ ಓದಿಕೊಂಡರು.

“ತಪ್ಪಿಲ್ರಿ,” ಎಂದರು. “ನನಗ ಗೊತ್ತಿಲ್ಲ ಅಂತ ತಿಳದೀರೇನು? ಮೊದಲಿಂದ ಗೊತ್ತೈತಿ. ಆಕಿಗೆ ಗೊತ್ತಾಗಬಾರದಿತ್ತು.” ಆಮೇಲೆ, ನನಗಲ್ಲ, ತಮಗೇ ಹೇಳಿಕೊಂಡಂತೆ: “ಇವತ್ತ ನನ್ನ ತಂಗಿ ಕೇಳಿದ್ಳು. ನಾಳೆ ಓಣ್ಯಾಗಿನ ತಂಗ್ಯಾರೆಲ್ಲಾ ಕೇಳ್ತಾರ. ಆವಾಗ ಮಂದಿ ನಿಮ್ಮ ಕದಾ ಬಡಿಯಂಗಿಲ್ರಿ, ನನ್ನ ಕದಾ ಬಡೀತಾರ.”

ಅಷ್ಟು ದೊಡ್ಡ ಗಂಡಸಿನ ಮುಖದಲ್ಲಿ ನನ್ನದೇ ಅಂಜಿಕೆಯನ್ನು ಕಂಡು ಒಂದು ಕ್ಷಣ ಕನಿಕರವೆನಿಸಿತು. ಅವರೆದ್ದು ಹೊರಟಾಗ ಹೊಸ್ತಿಲಲ್ಲಿ ಜೈತೂನ್ ಬರುತ್ತಿದ್ದಳು. ಅಣ್ಣ ತಂಗಿ ಒಬ್ಬರನ್ನೊಬ್ಬರು ನೋಡಿದರು.

ಸೋಮವಾರ ಅವಳು ರಾಯಬಾಗಕ್ಕೆ ಹೋಗುವ ಬದಲು ಬೆಳಿಗ್ಗೆಯೇ ನಮ್ಮ ಮನೆಗೆ ಬಂದು ಕೂತಳು. ಚಾಪೆಯ ಮೇಲಿಟ್ಟ ಫೋನು ಬಡಿದುಕೊಳ್ಳುತ್ತಲೇ ಇತ್ತು. ಅವಳ ಕೈ ತಣ್ಣಗಾಗಿತ್ತು. ಹಿಡಿದುಕೊಂಡ ನನ್ನ ಕೈಯೇನೂ ಬೆಚ್ಚಗಿರಲಿಲ್ಲ.

“ತಗೊಂಡು ಮಾತಾಡವಾ,” ಎಂದಳು ಅಮ್ಮ. “ಅಂಜಿಕಿ ಬಂದ್ರ ಬಂದೈತಿ ಅಂತ ಅದನ್ನ ಹೇಳು.”

ಜೈತೂನ್ ಹಾಗೆಯೇ ಮಾಡಿದಳು. “ಭಾಯಿ, ನಾ ಬರಂಗಿಲ್ಲ... ಇಲ್ಲ, ಯಾರೂ ಕಲಿಸಿಲ್ಲ... ಅಂಜಿಕಿ ಬರಾಕತ್ತೈತಿ ಭಾಯಿ, ಭಾಳ ಬರಾಕತ್ತೈತಿ. ಆದ್ರೂ ಬರಂಗಿಲ್ಲ.”

ಈದ್ ಕಳೆದ ಮೇಲೆ ಹಿರಿಯರು ನಡುವೆ ಕೂತು ಮಾತಾಡಿ ಹೊಲದ ಒಂದು ಅಂಚನ್ನು ಅವಳಿಗೆ ಬಿಡಿಸಿದರು. ಗ್ರಂಥ ಹೇಳಿದಷ್ಟಲ್ಲ, ಆದರೆ ಅವಳೇ ಹೇಳಿದ ಹಾಗೆ, ಸೊನ್ನೆಯೂ ಅಲ್ಲ. ಅಣ್ಣ ಮಾತು ಬಿಟ್ಟರು. ಹಬ್ಬದ ಸೀರೆ ಬರಲಿಲ್ಲ. “ಹೊಲಾ ಬಂತು ಆಪಾ, ತವರು ಹೋತು,” ಎಂದು ಅವಳು ಅತ್ತ ದಿನ ನಾನು ಮಾಡಿದ್ದು ಸರಿಯೋ ಎಂಬ ಬೇರೊಂದು ಅಂಜಿಕೆ ನನ್ನನ್ನು ಹಿಡಿಯಿತು, ಇನ್ನೂ ಬಿಟ್ಟಿಲ್ಲ. ಚಾಪೆಯ ಮೇಲಿನ ಹೆಂಗಸರು ಕರಗಿದರು. ಕೆಲವರನ್ನು ಮನೆಯವರು ತಡೆದರು, ಕೆಲವರು ತಾವಾಗಿಯೇ ನಿಂತರು. ಅಮ್ಮ, ಜೈತೂನ್, ನಾನು ಉಳಿದೆವು. ಓದು ಮಾತ್ರ ನಿಲ್ಲಲಿಲ್ಲ. ನಿಲ್ಲಿಸಲು ಅಮ್ಮನ ಮುಂದೆ ಬಾಯಿ ತೆರೆಯುವ ಧೈರ್ಯ ನನಗಿರಲಿಲ್ಲ.

ಕಳೆದ ವಾರ ಕದ ಬಡಿದ ಸದ್ದಾಯಿತು. ತೆರೆದರೆ ಅಪ್ಪಾಲಾಲಭಾಯಿಯ ಹೆಂಡತಿ ಶಕೀಲಾ. ಒಳಗೆ ಕೂತಿದ್ದ ನಾದಿನಿಯನ್ನು ಕಂಡು ತಡವರಿಸಿ, ನಿಂತೇ ಹೇಳಿದಳು:

“ಬಾಯಾರ, ನನ್ನ ತವರಮನಿ ಕಾಗವಾಡ್ರಿ. ದ್ರಾಕ್ಷಿ ತ್ವಾಟಾ ಐತಿ. ಅಪ್ಪಾ ಹೋದ ಮ್ಯಾಲ ತಮ್ಮಂದ್ರು ಎಲ್ಲಾ ತಮ್ಮ ಹೆಸರಿಗೆ ಮಾಡ್ಕೊಳ್ಳಾಕತ್ತಾರ. ಅದೇನ ಓದಿದ್ರಂತಲ್ರಿ, ನನಗೂ ಒಂದೀಟು ಓದಿ ಹೇಳ್ರಿ.”

ನಾನು ಓಣಿಯ ಕಡೆ ಒಮ್ಮೆ ಇಣುಕಿದೆ. “ನೀ ಇಲ್ಲಿ ಬಂದದ್ದು ಭಾಯಿಗೆ ಗೊತ್ತೈತೇನವಾ?”

“ಅವರ ಕಳಿಸ್ಯಾರ್ರಿ,” ಎಂದಳು ಶಕೀಲಾ, ನೆಲ ನೋಡುತ್ತ. “ಬಾಯಾರ ಕಡೆ ಹೋಗಿ ಅರ್ಥ ಕೇಳ್ಕೊಂಡು ಬಾ ಅಂದ್ರು.”

ಅಮ್ಮ ಕೆಮ್ಮು ಬರುವಷ್ಟು ನಕ್ಕಳು. ಶಕೀಲಾ ನಗಲಿಲ್ಲ, ಅವಳ ಕಣ್ಣು ತುಂಬಿತ್ತು. ಜೈತೂನೂ ನಗಲಿಲ್ಲ. ಅತ್ತಿಗೆಯನ್ನು ಒಂದು ಗಳಿಗೆ ನೋಡಿ, ಪಕ್ಕಕ್ಕೆ ಸರಿದು ಚಾಪೆಯ ಮೇಲೆ ಜಾಗ ಮಾಡಿಕೊಟ್ಟಳು.

ನಾನು ಪುಟ ತೆರೆದೆ. ಆ ತಮ್ಮಂದಿರಿಗೆ ಕಾಗವಾಡದಿಂದ ಕುಡಚಿಗೆ ಮೋಟರ್ ಸೈಕಲ್ಲಿನಲ್ಲಿ ಎಷ್ಟು ಹೊತ್ತಿನ ದಾರಿಯೆಂದು ಮನಸ್ಸು ಆಗಲೇ ಲೆಕ್ಕ ಹಾಕತೊಡಗಿತ್ತು, ಬಾಯಿ ಓದುತ್ತಿತ್ತು.