ನೆವೆನಾ ಕಟ್ಟಿದ ಗಂಟು

ಬಲ್ಗೇರಿಯಾದ ಕಜಾನ್ಲಾಕ್ ಊರಿನ ಚೀಸ್ ಕಾರ್ಖಾನೆಯಲ್ಲಿ ನೆವೆನಾ ಪ್ಯಾಕಿಂಗ್ ವಿಭಾಗದ ಮೇಲ್ವಿಚಾರಕಿ. ಇಪ್ಪತ್ತು ವರ್ಷಗಳಲ್ಲಿ ಮುಚ್ಚಳ ಸರಿಯಾಗಿ ಕೂರದ ಒಂದು ಡಬ್ಬಿಯೂ ಅವಳ ಕಣ್ಣು ತಪ್ಪಿಸಿ ಲಾರಿ ಹತ್ತಿರಲಿಲ್ಲ. ತಪ್ಪು ಮಾಡಿದವರನ್ನು ಎಲ್ಲರೆದುರು ಹೆಸರು ಹಿಡಿದು ಕೇಳುವುದು ಅವಳ ಪದ್ಧತಿ.

ಆ ಜೂನ್‌ನಲ್ಲಿ ಪ್ಯಾಕಿಂಗಿನವರಿಗೂ ಲಾರಿಯವರಿಗೂ ಮಾತು ಕೆಟ್ಟಿತ್ತು. ಎಲ್ಲರೂ ಕೂಡಿ ದುಡಿಯುವುದನ್ನು ಕಲಿಯಲಿ ಎಂದು ಮಾಲೀಕರು ರಾಜಧಾನಿ ಸೋಫಿಯಾದಿಂದ ತರಬೇತುದಾರಳೊಬ್ಬಳನ್ನು ಕರೆಸಿ, ಬಸ್ಸು ಮಾಡಿ ಎಲ್ಲರನ್ನೂ ಜಲಾಶಯದ ದಡಕ್ಕೆ ಕಳಿಸಿದರು. ಒಂದೊಂದು ತಂಡಕ್ಕೆ ನಾಲ್ಕು ಪೀಪಾಯಿ, ಹಲಗೆಗಳು, ಹಗ್ಗ. ನಲವತ್ತು ನಿಮಿಷದಲ್ಲಿ ತೆಪ್ಪ ಕಟ್ಟಿ, ನೀರಿನ ನಡುವೆ ನೆಟ್ಟ ಕೆಂಪು ಬಾವುಟಕ್ಕೆ ಸುತ್ತು ಹಾಕಿ ಬರಬೇಕು.

ನೆವೆನಾಳ ತಂಡದಲ್ಲಿ ಬಾಯ್ಲರ್ ನೋಡಿಕೊಳ್ಳುವ ಮಿಂಚೊ ಇದ್ದ. ಅರವತ್ತರ ಹತ್ತಿರದ, ಮಾತು ಕಡಿಮೆಯ ಮನುಷ್ಯ. ತೆಪ್ಪದ ಹಿಂಬದಿಯ ಎರಡು ಪೀಪಾಯಿಗಳನ್ನು ಅವರಿಬ್ಬರು ಆಳಿಗೊಂದರಂತೆ ಹಂಚಿಕೊಂಡು ಕಟ್ಟಿದರು.

"ನೆವೆನಾ, ಇನ್ನೊಂದು ಸುತ್ತು ಹಾಕಮ್ಮ, ಸಡಿಲ ಇದೆ," ಅಂದ ಮಿಂಚೊ.

"ಸಾಕು ಬಿಡಣ್ಣ, ಆ ಕಡೆಯವರು ಆಗಲೇ ನೀರಿಗಿಳಿದ್ರು!"

ಬಾವುಟ ಮುಟ್ಟುವ ಮೊದಲೇ ಅವಳ ಪೀಪಾಯಿ ಕಳಚಿಕೊಂಡಿತು. ತಂಡದ ಆರು ಜನವೂ ನೀರಿಗೆ ಬಿದ್ದರು. ದಡದಲ್ಲಿ ಒದ್ದೆ ಬಟ್ಟೆಯಲ್ಲೇ ವೃತ್ತವಾಗಿ ಕೂರಿಸಿ, ಎಲ್ಲಿ ಎಡವಿದಿರಿ ಎಂದು ತರಬೇತುದಾರಳು ಕೇಳಿದಳು. ನೆವೆನಾ ಬಾಯಿ ತೆರೆಯುವಷ್ಟರಲ್ಲಿ ಲಾರಿ ಚಾಲಕ ಕಾಲಿನ್ ಕೂಗಿದ, "ಇನ್ನೆಲ್ಲಿ? ಹಿಂದುಗಡೆ ಕಟ್ಟಿದ್ದು ನಮ್ಮ ಮಿಂಚೊ ಅಣ್ಣ ಅಲ್ವಾ! ಶಭಾಷ್ ಕ್ಯಾಪ್ಟನ್!"

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಲಾರಿಯವರೂ ಪ್ಯಾಕಿಂಗಿನವರೂ ಒಟ್ಟಾಗಿ ನಕ್ಕಿದ್ದು ಎಷ್ಟೋ ತಿಂಗಳ ಮೇಲೆ. ನೆವೆನಾ ಕೂಡ ನಕ್ಕಳು. ಮಿಂಚೊ ಅವಳತ್ತ ಒಮ್ಮೆ ನೋಡಿ, ಬೂಟಿನೊಳಗಿನ ನೀರು ಚೆಲ್ಲತೊಡಗಿದ.

ಅಂದಿನಿಂದ ಅವನಿಗೆ ಕ್ಯಾಪ್ಟನ್ ಎಂಬ ಹೆಸರು ಅಂಟಿಕೊಂಡಿತು. "ಕ್ಯಾಪ್ಟನ್, ಬಾಯ್ಲರ್ ತೇಲ್ತಿದೆಯೋ ಮುಳುಗ್ತೋ?" ದಿನಾ ಇದೇ. ಆಗಸ್ಟ್ ಹೊತ್ತಿಗೆ ಅವನು ಕ್ಯಾಂಟೀನಿಗೆ ಬರುವುದನ್ನೇ ಬಿಟ್ಟ. ಡಬ್ಬಿ ಬೀಳಿಸಿದ ಹುಡುಗಿಯನ್ನು ನೆವೆನಾ ಹೆಸರು ಹಿಡಿದು ಕೇಳದೆ, ತಾನೇ ಅದನ್ನು ಎತ್ತಿಟ್ಟು ಹೋದಳು. ನಾಳೆ ಹೇಳುತ್ತೇನೆ ಅಂದುಕೊಳ್ಳುತ್ತಲೇ ಅಕ್ಟೋಬರ್ ಬಂತು.

ಒಂದು ಮಧ್ಯಾಹ್ನ ಬಾಯ್ಲರ್ ಕೋಣೆಗೆ ಹೋದಳು. ಮಿಂಚೊ ಮಗುಚಿಟ್ಟ ಬಕೆಟ್ಟಿನ ಮೇಲೆ ಕೂತು ಚೀಸ್ ತುಂಬಿ ಬೇಯಿಸಿದ ಬನಿತ್ಸಾ ತಿನ್ನುತ್ತಿದ್ದ.

"ಅಣ್ಣ, ಬಿಚ್ಚಿಕೊಂಡಿದ್ದು ನನ್ನ ಗಂಟು."

"ಗೊತ್ತು. ಪಕ್ಕದಲ್ಲೇ ಇದ್ನಲ್ಲ."

"ಮತ್ತೆ ಯಾಕೆ ಹೇಳ್ಲಿಲ್ಲ?"

"ನೀನೇ ಹೇಳ್ತೀಯ ಅಂತ ಕಾದೆ. ನೀನು ನೋಡಿದ್ರೆ ನಕ್ಕೆ." ಇನ್ನೊಂದು ತುಂಡು ಮುರಿದ. "ಅವರು ನಕ್ಕಿದ್ದು ಏನೂ ಅನ್ನಿಸ್ಲಿಲ್ಲಮ್ಮ."

ಮರುದಿನ ಊಟದ ಹೊತ್ತಿನಲ್ಲಿ ನೆವೆನಾ ಕ್ಯಾಂಟೀನಿನಲ್ಲಿ ಎದ್ದು ನಿಂತಳು. "ತೆಪ್ಪ ಮುಳುಗಿಸಿದ್ದು ನಾನು. ಅಣ್ಣ ಸರಿಮಾಡು ಅಂದ್ರೂ ಕೇಳಲಿಲ್ಲ. ಆಮೇಲೆ ಸುಮ್ಮನಿದ್ದೆ." ಯಾರೋ ಕಿಸಕ್ಕನೆ ನಕ್ಕರು. ಕಾಲಿನ್ ಸೂಪಿನ ತಟ್ಟೆಯಿಂದ ತಲೆ ಎತ್ತಲಿಲ್ಲ.

ಮಿಂಚೊ ಆ ವಾರ ಕ್ಯಾಂಟೀನಿಗೆ ಬರಲಿಲ್ಲ. ಮುಂದಿನ ಗುರುವಾರ ಬಂದ. ಬಾಗಿಲ ಹತ್ತಿರದ ಮೇಜಿನ ಬಳಿ ಕೂತ, ನೆವೆನಾಳ ಮೇಜಿನ ಬಳಿಯಲ್ಲ. ಹಳಬರು ಆ ಹೆಸರು ಬಿಟ್ಟರು. ಹೊಸದಾಗಿ ಸೇರಿದವರು ಮಾತ್ರ ಏಕೆಂದು ತಿಳಿಯದೆ ಒಮ್ಮೊಮ್ಮೆ ಅವನನ್ನು ಕ್ಯಾಪ್ಟನ್ ಎಂದು ಕರೆಯುತ್ತಾರೆ. ಆಗೆಲ್ಲ ನೆವೆನಾ ಕೈಯಲ್ಲಿದ್ದ ಕೆಲಸ ನಿಲ್ಲಿಸಿ, ನಡೆದದ್ದನ್ನು ಮೊದಲಿನಿಂದ ಹೇಳುತ್ತಾಳೆ.